ಬೈಕಿನಿಂದ ಬಿದ್ದ ಎಂದು ಬರೆಸಿದ ಚೀಟಿ

ನನ್ನ ಮಗ ಬೈಕಿನಿಂದ ಬಿದ್ದಿಲ್ಲ. ಪೊಲೀಸಿನವನು ಲಾಠಿಯಲ್ಲಿ ಹೊಡೆದು ಅವನ ಬಲಗೈ ಮುರಿದ. ಆಸ್ಪತ್ರೆಯ ಚೀಟಿಯಲ್ಲಿ ಬಿದ್ದ ಎಂದು ಬರೆಸಿಕೊಂಡು ಬಂದವರು ನಾವೇ. ಹೆದರಿ ಬರೆಸಿದೆವು. ಇದರಲ್ಲಿ ಬೇರೆ ಗುಟ್ಟೇನೂ ಇಲ್ಲ.

ಕೊರೊನಾದ ಎರಡನೇ ಲಾಕ್‌ಡೌನು. ಹಾಸನದ ಹತ್ತಿರದ ನಮ್ಮ ಕಟ್ಟಾಯದ ಕಡೆ ಆಲೂಗಡ್ಡೆ ಬಿತ್ತನೆಯ ಕಾಲ. ಹಿಂದಿನ ದಿನ ನಾನೂ ಸೊಸೆಯೂ ಕೂತು ಬಿತ್ತನೆ ಗಡ್ಡೆ ಕುಯ್ದಿದ್ದೆವು. ಹೋಳಿಗೊಂದು ಮೊಳಕೆಯ ಕಣ್ಣು ಉಳಿಯುವಂತೆ ನೋಡಿ ಕುಯ್ಯಬೇಕು, ಆಮೇಲೆ ಔಷಧಿ ನೀರಿನಲ್ಲಿ ಅದ್ದಿ ನೆರಳಲ್ಲಿ ಹರಡಬೇಕು. ಔಷಧಿ ಸಾಲದೆ ಎರಡು ಮೂಟೆ ಹಾಗೇ ಉಳಿಯಿತು. ಬಿಟ್ಟರೆ ಕೊಳೆಯುತ್ತದೆ. ಹಾಸನದ ಗೊಬ್ಬರದಂಗಡಿ ಬೆಳಗ್ಗೆ ಹತ್ತರವರೆಗೆ ಮಾತ್ರ ತೆರೆದಿರುತ್ತಿತ್ತು.

ರೈತರು ಪಹಣಿ ತೋರಿಸಿದರೆ ಪೊಲೀಸರು ಬಿಡುತ್ತಾರೆ ಎಂದು ಊರಲ್ಲಿ ಹೇಳಿದ್ದರು. ನಾನೇ ಪೆಟ್ಟಿಗೆಯಿಂದ ಪಹಣಿ ತೆಗೆದು ಮಗನ ಜೇಬಿಗಿಟ್ಟೆ. ಅದರಲ್ಲಿರುವುದು ನನ್ನ ಮಾವನ ಹೆಸರು. ಮಾವ ತೀರಿಕೊಂಡು ಇಪ್ಪತ್ತು ವರ್ಷದ ಮೇಲಾಗಿತ್ತು. ಅವರ ಮಕ್ಕಳು ಒಟ್ಟಿಗೆ ಕೂತು ಸಹಿ ಹಾಕಲಿಲ್ಲ, ಖಾತೆ ಬದಲಾಗಲಿಲ್ಲ. ನಮ್ಮೂರಲ್ಲಿ ಅರ್ಧ ಜಮೀನು ಸತ್ತವರ ಹೆಸರಿನಲ್ಲೇ ಇದೆ, ಉಳುವವರು ಬದುಕಿರುವವರು. ನಮಗದು ವಿಚಿತ್ರವೇ ಅಲ್ಲ. ರಸ್ತೆಯಲ್ಲಿ ಲಾಠಿ ಹಿಡಿದು ನಿಂತವನಿಗೆ ಹೇಗೆ ಕಾಣುತ್ತದೆ ಎಂದು ನನಗೆ ಹೊಳೆಯಲಿಲ್ಲ. ಆ ತಪ್ಪು ನನ್ನದು.

ಏಳಕ್ಕೆ ಬೈಕಿನಲ್ಲಿ ಔಷಧಿ ತರಲು ಹೋದವನು ಒಂಬತ್ತಾದರೂ ಬರಲಿಲ್ಲ. ಫೋನ್ ಎತ್ತಲಿಲ್ಲ. ಸೊಸೆ ಬಾಗಿಲಿಗೂ ಬೀದಿಗೂ ಓಡಾಡಿದಳು. ನಾನು ಹೋಳುಗಳನ್ನು ಮಗುಚುತ್ತಾ ಕೂತೆ. ಕೈಗೆ ಅಂಟುತ್ತಿದ್ದವು. ಹತ್ತೂವರೆಗೆ ನಡೆದುಕೊಂಡೇ ಬಂದ. ಬೈಕಿಲ್ಲ, ಔಷಧಿಯಿಲ್ಲ. ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದಿದ್ದ.

"ಪಹಣಿ ತೋರಿಸ್ದೆ ಕಣವ್ವ," ಅಂದ. "'ಇದ್ಯಾರ್ಲಾ ಇವ್ನು?' ಅಂದ ಪೊಲೀಸ್ನೋನು. ನಮ್ ತಾತ ಸಾ, ತೀರೋಗವ್ರೆ ಅಂದೆ. 'ಅಂಗಾದ್ರೆ ಗುಂಡಿಯಿಂದ ಎಬ್ಬಿಸ್ಕಂಡ್ ಬಾ ಓಗು, ಅವ್ನ್ನ ಬಿಡ್ತೀನಿ' ಅಂದ. ಅಲ್ಲಿದ್ದೋರೆಲ್ಲ ನಗಾಡುದ್ರು. ನಾನೂ ನಕ್ಬುಟ್ಟೆ. 'ನನ್ ನೋಡಿ ನಗ್ತೀಯೇನ್ಲಾ' ಅಂತ ಶುರು ಮಾಡ್ಕಂಡ."

ಬೈಕಿನ ಕೀ ಕಿತ್ತುಕೊಂಡು, ಪಹಣಿಯನ್ನು ಮುದುರಿ ಜೇಬಿಗೆ ತುರುಕಿ ಕಳಿಸಿದ್ದ.

ಪಕ್ಕದ ಮನೆಯವನ ತರಕಾರಿ ಗೂಡ್ಸ್ ಆಟೋದಲ್ಲಿ ಮಗನನ್ನು ಕೂರಿಸಿಕೊಂಡು ಹಾಸನಕ್ಕೆ ಹೊರಟೆ. ಇರುವುದು ಅದೊಂದೇ ದಾರಿ. ಅದೇ ಬ್ಯಾರಿಕೇಡು, ಅದೇ ಪೊಲೀಸು. ನಮ್ಮ ಬೈಕು ಹುಣಸೆಮರದ ಕೆಳಗೆ ನಿಂತಿತ್ತು. ಅವನು ಆಟೋದೊಳಗೆ ತಲೆ ಹಾಕಿ ಕೈ ನೋಡಿದ. ಅವನ ಮಾಸ್ಕು ಗಲ್ಲದ ಕೆಳಗಿತ್ತು.

"ಆಸ್ಪತ್ರೇಲಿ ಏನಂತ ಹೇಳ್ತೀಯಾ?"

ಮಗ ಮುರಿದ ಕೈಯನ್ನು ಮಡಿಲಿಗೆ ಎಳೆದುಕೊಂಡ.

"ಬೈಕಿಂದ ಬಿದ್ದೆ ಅನ್ನು. ಆಮೇಲೆ ಬಂದು ಗಾಡಿ ತಗಂಡೋಗು. ಬೇರೆ ಏನಾರ ಬಾಯ್ಬುಟ್ರೆ, ಡ್ಯೂಟಿಗೆ ಅಡ್ಡಿ ಮಾಡ್ದ ಅಂತ ಕೇಸ್ ಜಡೀತೀನಿ. ಏನಜ್ಜಿ, ಕೇಳುಸ್ತಾ?"

"ಕೇಳುಸ್ತು," ಅಂದೆ. ಅಷ್ಟೇ ಅಂದೆ. ಊರಲ್ಲಿ ಯಾರಿಗೂ ಹೆದರದ ನನ್ನ ನಾಲಿಗೆ ಅಲ್ಲಿ ಹೆದರಿತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹೇಗಾಯಿತೆಂದು ಕೇಳಿದರು. ಮಗ ಬೈಕಿಂದ ಬಿದ್ದೆ ಅಂದ. ಅವರು ಅವನ ಅಂಗಿ ಎತ್ತಿ ನೋಡಿ ನನ್ನ ಕಡೆ ತಿರುಗಿದರು.

"ಹೌದಾ ಅಜ್ಜಿ? ಬಿದ್ದೋರಿಗೆ ಬೆನ್ನ ಮೇಲೆ ಬಾಸುಂಡೆ ಬರುತ್ತಾ?"

ನಾನು ಅವನ ಅಂಗಿಯನ್ನು ಕೆಳಗೆಳೆದೆ. ಅವರು ಬಿದ್ದ ಎಂದೇ ಬರೆದರು.

ಅವನು ಬೈಕಿಂದ ಬಿದ್ದನಂತೆ ಎಂದು ಸಂಜೆಯೊಳಗೆ ಊರಿಗೆಲ್ಲ ಸುದ್ದಿಯಾಯಿತು. ಆಗ ಬೆಳಗಿನ ಹೊತ್ತು ಬ್ರಾಂದಿ ಅಂಗಡಿಯನ್ನೂ ತೆರೆಯುತ್ತಿದ್ದರು. ಎದುರುಮನೆಯವಳು ಜಗಲಿಯಿಂದಲೇ ಕೂಗಿದಳು.

"ಏನಕ್ಕಾ, ಬೆಳ್‌ಬೆಳಗ್ಗೇನೇ ಏರಿಸ್ಬುಟ್ಟಿದ್ನಾ ನಿನ್ ಮಗ?"

"ಅವ್ನು ಕುಡಿಯಾಕಿಲ್ಲ ಅಂತ ನಿಂಗೊತ್ತಿಲ್ವೇನೇ?"

"ಅಂಗಾದ್ರೆ ಖಾಲಿ ರೋಡಲ್ಲಿ ಯಾಕ್ ಬಿದ್ದ?"

ಉತ್ತರ ಇತ್ತು. ಅದನ್ನು ಆಸ್ಪತ್ರೆಯಲ್ಲೇ ನುಂಗಿ ಬಂದಿದ್ದೆ.

"ಬುಡವ್ವ, ಏನಾರ ಅಂದ್ಕಳ್ಳಿ," ಅಂದ ಮಗ. "ಗಾಡಿ ಬಂದ್ರೆ ಸಾಕು. ಕೇಸಾದ್ರೆ ಕೋರ್ಟಿಗೆ ಯಾರ್ ಅಲೀತಾರೆ?"

ಅವನ ಮಾತೇನೂ ತಪ್ಪಲ್ಲ. ಆದರೆ ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಒಂದು ಜೀಪಿನ ಸದ್ದಾಯಿತು. ಸೊಸೆ ಮುದ್ದೆ ಮುರಿದು ಅವನ ಬಾಯಿಗಿಡುತ್ತಿದ್ದಳು. ಅವನು ತಟ್ಟೆ ಬಿಟ್ಟು ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ನಲವತ್ತು ವರ್ಷದ ಗಂಡಸು. ಬಂದದ್ದು ಊರಿನವರದೇ ಜೀಪು. ಕರೆದರೂ ಬಹಳ ಹೊತ್ತು ಆಚೆಗೆ ಬರಲಿಲ್ಲ. ಬಿದ್ದ ಎಂದು ಬರೆಸಿದ ಮೇಲೂ ಹೆದರಿಕೆ ತಪ್ಪಲಿಲ್ಲವಲ್ಲ, ಮತ್ಯಾಕೆ ಬರೆಸಿದೆವು ಎಂದುಕೊಂಡೆ.

ಮಾರನೇ ಬೆಳಗ್ಗೆ ಎದ್ದು ವಾಸನೆ ಹೊಡೆಯುತ್ತಿದ್ದ ಹೋಳುಗಳನ್ನು ತಿಪ್ಪೆಗೆ ಸುರಿದೆ. ಚೀಟಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಡೈರಿಯ ಹಾಲಿನ ಗಾಡಿಯಲ್ಲಿ ಕ್ಯಾನುಗಳ ನಡುವೆ ಕೂತೆ. ಮಗನಿಗೆ ಹೇಳಲಿಲ್ಲ, ಹೇಳಿದ್ದರೆ ಬಿಡುತ್ತಿರಲಿಲ್ಲ. ಹಾಲಿನ ಗಾಡಿಯನ್ನು ಯಾರೂ ನಿಲ್ಲಿಸುತ್ತಿರಲಿಲ್ಲ. ಬ್ಯಾರಿಕೇಡಿನ ಹತ್ತಿರ ಅದೇ ಪೊಲೀಸು ನನ್ನನ್ನು ಕಂಡು ನಿಲ್ಲಿಸಿದ.

"ಏನಜ್ಜಿ, ಬೈಕ್ ತಗಂಡೋಗಕ್ ಬಂದ್ಯಾ?"

"ಇಲ್ಲ ಸಾ. ಆಸ್ಪತ್ರೆಗೆ."

"ಮತ್ಯಾಕೆ?"

ಕ್ಯಾನಿನ ಹಿಡಿ ಹಿಡಿದುಕೊಂಡೆ.

"ನೆನ್ನೆ ಒಂದ್ ಮಾತ್ ತಪ್ಪಾಗ್ ಬರ್ಸಿದ್ದೋ. ಸರಿ ಮಾಡ್ಸಕ್ಕೆ."

ಅವನು ನನ್ನ ಮುಖವನ್ನೇ ನೋಡಿದ. ಡ್ರೈವರು, "ಹಾಲ್ ಕೆಡ್ತದೆ ಸಾ," ಎಂದು ಗಾಡಿ ಬಿಟ್ಟೇಬಿಟ್ಟ.

ಡಾಕ್ಟರಮ್ಮನ ಮೇಜಿನ ಮೇಲೆ ಚೀಟಿ ಇಟ್ಟೆ. "ಬಿದ್ದ ಅನ್ನೋದ್ನ ತೆಗೀರಿ ತಾಯಿ. ಪೊಲೀಸ್ನೋರು ಹೊಡುದ್ರು ಅಂತ ಬರೀರಿ."

ಹಳೆಯದನ್ನು ತೆಗೆಯುವ ಹಾಗಿಲ್ಲ, ಕೆಳಗೆ ಹೊಸದಾಗಿ ಬರೆಯುತ್ತೇನೆ, ಹೇಳಿದವರು ಸಹಿ ಹಾಕಬೇಕು ಎಂದರು. "ಇದು ಪೊಲೀಸ್ ಸ್ಟೇಷನ್‌ಗೇ ಹೋಗೋದು ಅಜ್ಜಿ. ಯೋಚನೆ ಮಾಡಿದ್ದೀರಾ?"

"ಮಾಡಿವ್ನಿ."

ನಾನು ಓದಿದ್ದು ನಾಲ್ಕನೇ ಕ್ಲಾಸು. ಪೆನ್ನು ಇಸಿದುಕೊಂಡು ನನ್ನ ಹೆಸರನ್ನು ಒಂದೊಂದೇ ಅಕ್ಷರವಾಗಿ, ಪೂರ್ತಿ ಬರೆದೆ.