ತಾನಾಗಿ ಆರುವ ಇಂಡಿಕೇಟರ್

ಮೊನ್ನೆ ಬಿಳಿಕೆರೆಯ ಬಸ್‌ಸ್ಟಾಪಿನಲ್ಲಿ ನಿಂತಿದ್ದೆ. ಒಂದು ಬಿಳಿ ಕಾರು ಎಡಗಡೆಯ ಇಂಡಿಕೇಟರ್ ಮಿಟುಕಿಸುತ್ತಾ ನೆಟ್ಟಗೆ ಹುಣಸೂರಿನ ಕಡೆಗೆ ಹೋಯಿತು. ಎಡಕ್ಕೆ ತಿರುಗುವ ದಾರಿಗಳೆಲ್ಲ ಮುಗಿದರೂ ಅದು ಮಿಟುಕಿಸುತ್ತಲೇ ಇತ್ತು. "ಸ್ವಾಮೀ, ಇಂಡಿಕೇಟರ್ ಆರಿಸ್ರೀ!" ಎಂದು ಕೂಗಿಯೇಬಿಟ್ಟೆ. ಅಷ್ಟೊತ್ತಿಗೆ ಕಾರು ಎರಡು ಫರ್ಲಾಂಗು ದೂರವಿತ್ತು. ಪಕ್ಕದಲ್ಲಿದ್ದ ಹೆಂಗಸು ತಮ್ಮ ಬ್ಯಾಗನ್ನು ನನ್ನಿಂದ ಒಂದಡಿ ಆಚೆ ಸರಿಸಿಕೊಂಡರು. ಅವರದು ತಪ್ಪಲ್ಲ, ನಿವೃತ್ತ ವಿಜ್ಞಾನದ ಮೇಷ್ಟ್ರು ಹೀಗೆ ರಸ್ತೆಗೆ ಕೂಗಿದರೆ ಯಾರಿಗಾದರೂ ಅನುಮಾನ ಬರಬೇಕಾದ್ದೇ. ಆದರೆ ನನ್ನ ಭಾವನ ಕಾರಿನ ಕತೆ ಕೇಳಿದರೆ ನೀವೂ ನನ್ನ ಪಕ್ಷ ವಹಿಸುತ್ತೀರಿ.

ಭಾವ ಎಂದರೆ ನನ್ನ ಅಕ್ಕ ಜಯಮ್ಮನ ಗಂಡ. ಗುರುಪುರದ ಹತ್ತಿರ ತಂಬಾಕು ಬೆಳೆಯುವವರು. ಮದುವೆಯಾದಾಗ ಅಕ್ಕನನ್ನು ಟ್ರಾಕ್ಟರಿನ ಟ್ರೈಲರಿನಲ್ಲಿ ಕರೆತಂದು ಮನೆ ತುಂಬಿಸಿಕೊಂಡಿದ್ದರು. ಆ ದಿನವೇ, "ಒಂದಿನ ನಿನ್ನ ಓಪನ್ ಕಾರಲ್ಲಿ ಕರ್ಕಂಡೋಯ್ತೀನಿ ಕಣೆ" ಎಂದಿದ್ದರಂತೆ. ಮದುವೆಯ ದಿನ ಗಂಡಸರು ಏನೇನೋ ಹೇಳುತ್ತಾರೆ, ನಾನೂ ಹೇಳಿದ್ದೇನೆ. ಈ ಮನುಷ್ಯ ಮಾತ್ರ ಮೂವತ್ತೈದು ವರ್ಷ ಕಳೆದ ಮೇಲೆ ತಾವೇ ಕಾರು ಕಟ್ಟಿ ತೋರಿಸಿದರು. ಕ್ಯಾಲೆಂಡರಿನಲ್ಲಿ ನೋಡಿದ್ದ ಹಳೇ ಕಾಲದ ಇಂಗ್ಲಿಷ್ ಸ್ಪೋರ್ಟ್ಸ್ ಕಾರಿನ ಪಡಿಯಚ್ಚು ಅದು: ಎರಡೇ ಸೀಟು, ಮೇಲೆ ಚಾವಣಿಯಿಲ್ಲ. ಜೀಪಿನ ಅಡಿ, ಫೈಬರಿನ ಮೈ, ಗುಜರಿಯ ಇಂಜಿನ್ನು. ಸ್ಟೇರಿಂಗ್ ಚಕ್ರ ಮಾತ್ರ ಹುಣಸೂರಿನ ಬಡಗಿಯೊಬ್ಬರು ತೇಗದಲ್ಲಿ ಮಾಡಿಕೊಟ್ಟದ್ದು. ಊರವರು ಅದಕ್ಕೆ ಚಪ್ಪಲಿ ಗಾಡಿ ಎಂದು ಹೆಸರಿಟ್ಟರು. ನನಗೋ, ಹೊಟ್ಟೆಕಿಚ್ಚು ಬರುವಷ್ಟು ಮೆಚ್ಚುಗೆ.

ಮೊದಮೊದಲು ಎಲ್ಲ ಸರಿಯಿತ್ತು. ಅದೇನಾಯಿತೋ, ಒಂದು ವರ್ಷ ದಸರಾ ಕಳೆದ ಮೇಲೆ ಅದರ ಇಂಡಿಕೇಟರಿಗೆ ಕೇಡು ಬಂತು. ತಿರುವು ಮುಗಿದು ಚಕ್ರ ನೆಟ್ಟಗಾದಾಗ ತಾನಾಗಿ ಆರಬೇಕಲ್ಲ? ಬಲಗಡೆಯದು ತಿರುವಿನ ಅರ್ಧಕ್ಕೇ ಆರುತ್ತಿತ್ತು, ಎಡಗಡೆಯದು ಆರುತ್ತಲೇ ಇರಲಿಲ್ಲ. ಕೆ.ಆರ್. ನಗರಕ್ಕೆ ಬೀಗರೂಟಕ್ಕೆ ಹೋಗುವಾಗ ಎಡದ ದೀಪ ಹಾಗೇ ಮಿಟುಕುತ್ತಿತ್ತು. ಎಡದ ಓಣಿಯಲ್ಲಿದ್ದ ಟ್ರಾಕ್ಟರಿನವನು, ಇವರು ಇತ್ತಲೇ ತಿರುಗುತ್ತಾರೆಂದು ನಂಬಿ ರಸ್ತೆಗೆ ನುಗ್ಗಿದ. ಗೇಣು ಅಂತರದಲ್ಲಿ ಎರಡೂ ನಿಂತವು. ಅಕ್ಕ ಅಲ್ಲೇ ಇಳಿದು, ರೇಷ್ಮೆ ಸೀರೆಯಲ್ಲೇ ಬಸ್ಸು ಹತ್ತಿ ಊಟಕ್ಕೆ ಹೋದಳು. ಸಂಜೆ ಮನೆಯಲ್ಲಿ ಹೇಳಿದ್ದು ಒಂದೇ ಮಾತು: "ಅದು ತಾನಾಗಿ ಆರೋಗಂಟ ನಾ ಅದ್ರಲ್ಲಿ ಕೂರಕಿಲ್ಲ ಕಣ್ರೀ."

ಅಕ್ಕನಿಗೆಂದೇ ಕಟ್ಟಿದ ಕಾರಿನಲ್ಲಿ ಅಕ್ಕನೇ ಕೂರುವುದಿಲ್ಲವೆಂದ ಮೇಲೆ ಭಾವನಿಗೆ ಊಟ ರುಚಿಸಲಿಲ್ಲ. ಇಲ್ಲಿ ನನ್ನ ಪ್ರವೇಶವಾಯಿತು. ಕಾಗದದ ಮೇಲೆ ಚಿತ್ರ ಬರೆದು, ದೀಪ ಮಿಟುಕಿಸುವ ಡಬ್ಬಿಯೇ ಕೆಟ್ಟಿದೆ ಎಂದು ಸಾಧಿಸಿ, ಮೂರು ಡಬ್ಬಿ ಬದಲಾಯಿಸಿದೆ. ಮೈಸೂರಿನಲ್ಲೊಬ್ಬ ಮೆಕ್ಯಾನಿಕ್ ಇಡೀ ಸ್ವಿಚ್ಚನ್ನೇ ಬದಲಾಯಿಸಿದ. ಏನೂ ಆಗಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ವಿದ್ಯುತ್ತು ಕಲಿಸಿದ ನನ್ನ ಮಾನ ಹೋಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಬಿಳಿಕೆರೆಯ ನಂಜಪ್ಪನ ಹತ್ತಿರ ಹೋದೆವು. ಹುಣಸೆಮರದ ಕೆಳಗೆ ಕೂತು ಟ್ರಾಕ್ಟರುಗಳ ವೈರಿಂಗ್ ಮಾಡುವ ಮನುಷ್ಯ. ಅವರು ವೈರು ಮುಟ್ಟಲೇ ಇಲ್ಲ. ಸ್ಟೇರಿಂಗಿನ ಕಂಬಕ್ಕೆ ಕಿವಿಯಾನಿಸಿ, ಕಣ್ಣು ಮುಚ್ಚಿ, "ನಿಧಾನಕ್ ತಿರುಗ್ಸಿ ಗೌಡ್ರೇ" ಎಂದರು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕಣ್ಣು ಬಿಟ್ಟವರೇ ಕೇಳಿದರು: "ಈ ಚಕ್ರ ಯಾವಾಗ್ ಬಿಚ್ಚಿದ್ರಿ?"

"ಬಿಚ್ಚೇ ಇಲ್ಲ ಕಣಪ್ಪಾ."

"ಬಿಚ್ಚಿದ್ದೀರಿ. ಯೋಳಿ."

ಭಾವ ತಲೆ ಕೆರೆದುಕೊಂಡರು. "ಆಯುಧಪೂಜೇಲಿ ಒಸಿ ಎಣ್ಣೆ ಅಚ್ಚಕ್ಕೆ..."

ಆಗ ನಿಜ ಹೊರಬಿತ್ತು. ಚಕ್ರದ ನಡುವೆ ಬಡಗಿ ಸಣ್ಣಕ್ಷರದಲ್ಲಿ ಅಕ್ಕನ ಹೆಸರು ಕೆತ್ತಿದ್ದರು, ಭಾವನ ಗುಟ್ಟಿನ ಆಸೆ ಅದು. ಕೂರಿಸುವಾಗ ಹೆಸರು ಕೊಂಚ ವಾರೆಯಾಗಿತ್ತು. ಪೂಜೆಯಲ್ಲಿ ಕುಂಕುಮ ಇಡಲು ಬಗ್ಗಿದ ಭಾವನಿಗೆ, ಹೆಂಡತಿಯ ಹೆಸರು ವಾರೆಯಿರುವಾಗ ಕುಂಕುಮ ಇಡಲು ಮನಸ್ಸು ಒಪ್ಪಲಿಲ್ಲ. ಬಿಚ್ಚಿ, ಕಂಬದ ತುದಿಯ ಹಲ್ಲುಗಳ ಮೇಲೆ ಎರಡು ಹಲ್ಲಿನಷ್ಟು ತಿರುಗಿಸಿ, ನೆಟ್ಟಗೆ ಕೂರಿಸಿದ್ದರು.

ನಂಜಪ್ಪ ಚಕ್ರ ಕಳಚಿ ಬೆನ್ನು ತೋರಿಸಿದರು. ತೇಗವನ್ನು ಬಿಗಿಯಾಗಿ ಅಂಟಿಸಿದ್ದ, ಚಕ್ರದ ನಡುವಿನ ಕಬ್ಬಿಣದ ಗುಂಭದಲ್ಲಿ ಒಂದು ಗಿಡ್ಡ ಮೊಳೆ. ತಿರುವಿನಿಂದ ಚಕ್ರ ವಾಪಸಾಗುವಾಗ ಅದೇ ಸ್ವಿಚ್ಚಿನ ನಾಲಿಗೆಯನ್ನು ತಳ್ಳಿ ದೀಪ ಆರಿಸಬೇಕು. ಹೆಸರಿನ ಜೊತೆ ಮೊಳೆಯೂ ತಿರುಗಿತ್ತು. ಅಷ್ಟೇ ರೋಗ! ನಾನು ಬರೆದ ಚಿತ್ರದ ಕಾಗದ ಜೇಬಿನಲ್ಲೇ ಮುದುರಿತು.

"ಅವಳೆಸ್ರು ಸೊಟ್ಟಗ್ ಕೂರ್ಸ್ಲಾ?" ಎಂದರು ಭಾವ.

"ಸೊಟ್ಟ ಎಸ್ರಿಂದ ಯಾರ್ಗೂ ಏನೂ ಆಗಕಿಲ್ಲ ಗೌಡ್ರೇ. ಮೊಳೆ ಸೊಟ್ಟಗಿದ್ರೆ ಆ ಎಸ್ರಿನೋರೇ ಇರಕಿಲ್ಲ."

ಭಾವ ತಾವೇ ಚಕ್ರ ಎತ್ತಿಕೊಟ್ಟರು. ಇಂಥ ಮನುಷ್ಯನ ಕಾಲಿಗೆ ಬೀಳೋಣ ಅನ್ನಿಸಿತು ನನಗೆ. ನಂಜಪ್ಪನ ಕಾಲಿಗೋ ಭಾವನ ಕಾಲಿಗೋ ಗೊತ್ತಾಗದೆ ಟೀ ತರಲು ಹೋದೆ.

ಅಕ್ಕ ಸುಲಭಕ್ಕೆ ನಂಬುವವಳಲ್ಲ. ತಂಬಾಕು ಒಣಗಿಸುವ ಬ್ಯಾರನ್ ಸುತ್ತ ಭಾವನಿಂದ ಕಾರನ್ನು ಎಡಕ್ಕೆ ಆರು ಸಲ, ಬಲಕ್ಕೆ ಆರು ಸಲ ತಿರುಗಿಸಿ ನೋಡಿದಳು. ಹನ್ನೆರಡೂ ಸಲ ದೀಪ ಆರಿತು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತವಳು ಚಕ್ರದತ್ತ ಬಗ್ಗಿದಳು.

"ಇದೇನ್ರೀ, ನನ್ನೆಸ್ರು? ಯಾವಾಗ್ ಬರ್ಸಿದ್ರಿ?"

"ಮೊದ್ಲಿಂದ್ಲೂ ಇತ್ತು. ನಡುವೆ ಒಸಿ ದಿನ ನೆಟ್ಟಗೂ ಇತ್ತು."

"ನೆಟ್ಟಗಿದ್ದಾಗ ಕಾಣ್ನಿಲ್ವಲ್ಲ ನಂಗೆ" ಎಂದು ಅಕ್ಕ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

ಮೊನ್ನೆ ನಾನು ಬಸ್ಸಿಗೆ ಕಾದದ್ದು ಅವರ ಮನೆಗೆ ಹೋಗಲೆಂದೇ. ಹೋಗುವಷ್ಟರಲ್ಲಿ ಇಬ್ಬರೂ ಕೊಪ್ಪದ ಟಿಬೆಟಿನವರ ಹೋಟೆಲಿಗೆ ಮೊಮೊ ತಿನ್ನಲು ಹೊರಟು ನಿಂತಿದ್ದರು. ಭಾವನ ಕಣ್ಣಿಗೆ ಪೊರೆ ಬಂದ ಮೇಲೆ ಅಕ್ಕ ಡ್ರೈವಿಂಗ್ ಕಲಿತಿದ್ದಾಳೆ, ಈ ವಯಸ್ಸಿನಲ್ಲಿ! ಗೇಟು ದಾಟಿ ಎಡಕ್ಕೆ ತಿರುಗಿದ್ದೇ ತಡ, ಪಕ್ಕದಲ್ಲಿದ್ದ ಭಾವನ ಕೈ ದೀಪ ಆರಿಸಲೆಂದು ಇಂಡಿಕೇಟರಿನ ಕಡ್ಡಿಯತ್ತ ಹೋಯಿತು. ಅಕ್ಕ ರಸ್ತೆಯಿಂದ ಕಣ್ಣು ತೆಗೆಯದೆ ಆ ಕೈಗೊಂದು ಏಟು ಕೊಟ್ಟಳು.

"ಸುಮ್ಕೆ ಕುಂತ್ಕಳಿ. ನಾನಿಲ್ವಾ?"

ಭಾವ ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು, ಹೊಸ ಮದುಮಗಳ ಹಾಗೆ ಕೂತು ಹೋದರು.