ಹೇಮಾವತಿ ಕಪ್ ನಡೆಸುವ ಆಶಕ್ಕ

ಹೊಳೆನರಸೀಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಆಶಾರಾಣಿಯ ದನಿ ಮೊದಲಿನಿಂದಲೂ ದಪ್ಪ. ಶಾಲೆಯಲ್ಲಿ ಪ್ರಾರ್ಥನೆ ಹೇಳುವಾಗ ಮೇಡಂ ಹತ್ತಿರ ಬಂದು, “ನೀನು ಬರೀ ತುಟಿ ಆಡಿಸು, ಸಾಕು” ಎಂದಿದ್ದರು. ಮನೆಯಲ್ಲಿ ತಾಯಿ ಕಾಮಾಕ್ಷಮ್ಮನದೂ ಅದೇ ಮಾತು. “ಮೆತ್ತಗೆ ಮಾತಾಡೇ. ಬೀದೀಲಿ ಓಗೋರು ಯಾರೋ ಗಂಡಸು ಅಂದ್ಕತಾರೆ.” ಹೆಣ್ಣು ನೋಡಲು ಬಂದವರ ಮುಂದೆ ಅವಳು ಎಲ್ಲ ಪ್ರಶ್ನೆಗೂ ತಲೆಯಾಡಿಸಿಯೇ ಉತ್ತರ ಕೊಟ್ಟಳು. ನಿಶ್ಚಿತಾರ್ಥವಾದ ಮೇಲೆ ಹುಡುಗ ಮನು ಮೊದಲ ಸಲ ಫೋನ್ ಮಾಡಿದ. ಅವಳು “ಹಲೋ” ಎಂದಳು. ಅವನು ಬಹಳ ಮರ್ಯಾದೆಯಿಂದ, “ಮಾವ, ಒಸಿ ಆಶಾಗೆ ಕೊಡ್ತೀರಾ?” ಎಂದ. ಆ ದಿನ ಅವಳು ಫೋನ್ ಇಟ್ಟು ಅತ್ತಿದ್ದಳು. ಮನು ಒಳ್ಳೆಯವನು, ಮದುವೆಯಾದ ಮೇಲೆ ಒಂದು ದಿನವೂ ಆ ವಿಷಯ ಎತ್ತಿ ಛೇಡಿಸಲಿಲ್ಲ.

ಮನು ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಆಶಾರಾಣಿ ನಾಲ್ಕು ಕಂಪ್ಯೂಟರ್ ಇಟ್ಟುಕೊಂಡು ಪಹಣಿ ತೆಗೆಯುವುದು, ಪರೀಕ್ಷೆಗೆ ಅರ್ಜಿ ಹಾಕುವುದು, ಬಸ್ ಪಾಸ್ ಮಾಡಿಸುವುದು, ಈ ಬಗೆಯ ಕೆಲಸ ಮಾಡುತ್ತಿದ್ದಳು. ಕೊರೋನಾ ಕಾಲದಲ್ಲಿ ಅಂಗಡಿಯ ಬಾಗಿಲು ಹಾಕಿದಾಗ ಒಂದು ಕಂಪ್ಯೂಟರನ್ನು ಮನೆಗೆ ತಂದಳು. ಅದರಲ್ಲಿ ಯಾರೋ ಕಾಲೇಜು ಹುಡುಗರು ಹಾಕಿಟ್ಟಿದ್ದ ಒಂದು ಕಾರ್ ರೇಸಿನ ಆಟವಿತ್ತು. ಹೊತ್ತು ಹೋಗದೆ ಅದನ್ನು ತೆರೆದಳು.

ಅದು ಸ್ಟಾಕ್ ಕಾರ್ ರೇಸ್. ನೋಡುವುದಕ್ಕೆ ನಮ್ಮ ರಸ್ತೆಯ ಕಾರುಗಳಂತೆಯೇ ಇರುವ ಭಾರದ ಕಾರುಗಳು ಮೊಟ್ಟೆಯಾಕಾರದ ಟ್ರ್ಯಾಕಿನಲ್ಲಿ ಸುತ್ತುತ್ತವೆ. ಬರೀ ಎಡಕ್ಕೆ ತಿರುಗಬೇಕು. ಇಷ್ಟೇನಾ ಎಂದು ಮೊದಲು ಅನ್ನಿಸುತ್ತದೆ. ಆದರೆ ಇಪ್ಪತ್ತು ಕಾರುಗಳು ಒಂದಕ್ಕೊಂದು ಮೈ ಉಜ್ಜುವಷ್ಟು ಹತ್ತಿರದಲ್ಲಿ, ಮುಂದಿನ ಕಾರಿನ ಬೆನ್ನಿಗೆ ಅಂಟಿಕೊಂಡು ಓಡುವಾಗ ಸ್ಟಿಯರಿಂಗ್ ಒಂದು ಚೂರು ಹೆಚ್ಚು ತಿರುಗಿಸಿದರೂ ಹತ್ತು ಕಾರು ಗೋಡೆಗೆ. ಆಶಾರಾಣಿಗೆ ಅದರ ಗೀಳು ಹಿಡಿಯಿತು.

ಆನ್‌ಲೈನಿನಲ್ಲಿ ಆಡುವಾಗ ಚನ್ನರಾಯಪಟ್ಟಣದ ರುದ್ರೇಶ ಸಿಕ್ಕಿದ. ಅವನದು ಟೈರ್ ಅಂಗಡಿ. ಅದಕ್ಕೂ ಆಗ ಬೀಗ. ಹಿರೀಸಾವೆಯಲ್ಲಿ ಹೈವೇ ಪಕ್ಕ ಹೋಟೆಲ್ ನಡೆಸುವ ಐವತ್ತು ದಾಟಿದ ದೇವರಾಜು, ಅರಕಲಗೂಡಿನ ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಮಾಡುವ ಪ್ರೇಕ್ಷಾ, ಹಾಸನದ ಒಂದಷ್ಟು ಜನ, ಹೀಗೆ ಒಬ್ಬರಿಂದ ಒಬ್ಬರು ಸೇರಿ ಒಂದು ಗುಂಪಾಯಿತು. ಹೆಡ್‌ಫೋನ್ ಹಾಕಿಕೊಂಡು ಮಾತನಾಡುತ್ತಾ ಓಡಿಸುವುದು. ಮೊದಲ ದಿನವೇ ರುದ್ರೇಶ, “ಸಾ, ನೀವು ಮೂರನೇ ತಿರುವಲ್ಲಿ ಬ್ರೇಕು ಲೇಟಾಗಿ ಇಡೀತೀರಾ ಸಾ” ಎಂದ.

“ನಾನು ಸಾ ಅಲ್ಲ ಕಣಪ್ಪ. ನನ್ನ ಹೆಸರು ಆಶಾರಾಣಿ.”

ರುದ್ರೇಶ ಆ ಸುತ್ತು ಮುಗಿಸಿ, “ಸರಿ ಅಕ್ಕ. ಆದ್ರೂ ಲೇಟಾಗೇ ಇಡೀತೀರ” ಎಂದ. ಅವತ್ತಿನಿಂದ ಅವಳು ಎಲ್ಲರಿಗೂ ಆಶಕ್ಕ.

ಅವನು ಹೇಳಿದ್ದು ನಿಜ. ಅವಳು ಎಷ್ಟು ಆಡಿದರೂ ಮೂರನೇ ತಿರುವಿನಲ್ಲಿ ಗೋಡೆಗೆ ಹೋಗುತ್ತಿದ್ದಳು. ಇತ್ತ ಉಳಿದವರದು ದಿನವೂ ಜಗಳ. ಯಾರು ಯಾರಿಗೆ ಗುದ್ದಿದರು, ಯಾರು ಅಡ್ಡ ಬಂದರು. ಎಲ್ಲರಿಗೂ ಓಡಿಸುವುದು ಬೇಕು, ಯಾರಿಗೂ ರೇಸ್ ನಡೆಸುವುದು ಬೇಡ. ಕೊನೆಗೆ ದೇವರಾಜು, “ಆಶಮ್ಮ, ನೀನೇ ನಡೆಸು ತಾಯಿ. ನಿನ್ ಗಂಟ್ಲು ಕೇಳುದ್ರೆ ಎಲ್ರೂ ಸುಮ್ಕಾಯ್ತಾರೆ” ಎಂದ. ಜೀವಮಾನದಲ್ಲಿ ಮೊದಲ ಸಲ ಒಬ್ಬರು ಅವಳ ದನಿ ಬೇಕು ಎಂದು ಕೇಳಿದ್ದರು.

ಹಾಗೆ ಹುಟ್ಟಿದ್ದು ಹೇಮಾವತಿ ಕಪ್. ವಾರಕ್ಕೊಂದು ರೇಸ್, ಭಾನುವಾರ ಸಂಜೆ. ಕರೆಂಟ್ ಎಲ್ಲೆಲ್ಲಿ ಹೋಗಲಿದೆ ಎಂದು ಗಂಡನಿಂದ ಮೊದಲೇ ತಿಳಿದುಕೊಂಡು ಅವಳು ಹೊತ್ತು ಗೊತ್ತು ಮಾಡುತ್ತಿದ್ದಳು. ರೇಸ್ ಶುರು ಮಾಡಿಸುವುದು, ಅಪಘಾತವಾದರೆ ಹಳದಿ ಬಾವುಟ ಎಂದು ಕೂಗಿ ಎಲ್ಲರನ್ನೂ ನಿಧಾನ ಮಾಡಿಸಿ ಸಾಲಿಗೆ ತರುವುದು, ಮತ್ತೆ ಹಸಿರು ಎಂದು ಬಿಡುವುದು ಅವಳ ಕೆಲಸ. ಹಳದಿ ದೀಪ ಪರದೆಯ ಮೂಲೆಯಲ್ಲೂ ಮಿನುಗುತ್ತದೆ, ನಿಜ. ಆದರೆ ಆ ವೇಗದಲ್ಲಿ ಮೂಲೆ ಯಾರು ನೋಡುತ್ತಾರೆ? ಮಾತು ಕಿವಿಗೆ ಬೀಳಬೇಕು. ರೇಸ್ ಮುಗಿದ ಮೇಲೆ ತಕರಾರು ಬಂದರೆ ರೆಕಾರ್ಡಿಂಗನ್ನು ಹಿಂದೆ ಮುಂದೆ ಓಡಿಸಿ ನೋಡಿ ತೀರ್ಪು ಕೊಡುತ್ತಿದ್ದಳು. ತೀರ್ಪು ಕೊಟ್ಟ ಮೇಲೆ ಮಾತಿಲ್ಲ. ವರ್ಷಗಳು ಕಳೆದವು, ಅಂಗಡಿ ಮತ್ತೆ ಮೊದಲಿನಂತಾಯಿತು, ಲೀಗ್ ಮಾತ್ರ ನಿಲ್ಲಲಿಲ್ಲ.

ಕಳೆದ ಸೀಸನ್ ಅರ್ಧಕ್ಕೆ ಬಂದಾಗ ಅವಳ ಗಂಟಲು ಕಟ್ಟಿತು. ಶೀತ ಎಂದುಕೊಂಡಳು. ಜೆರಾಕ್ಸ್ ಪುಡಿಯ ಧೂಳು ಎಂದುಕೊಂಡಳು. ಬಿಸಿನೀರು, ಮೆಣಸಿನ ಕಷಾಯ, ಜೇನುತುಪ್ಪ ಎಲ್ಲ ಆಯಿತು. ದಪ್ಪವಾಗಿದ್ದ ದನಿ ಈಗ ಒಡೆಯತೊಡಗಿತು. ಮಾತಿನ ನಡುವೆ ಸದ್ದೇ ಇಲ್ಲದೆ ಬರೀ ಗಾಳಿ ಬರುತ್ತಿತ್ತು. ಒಂದು ಭಾನುವಾರ “ಹಳದಿ” ಎಂದು ಕೂಗಲು ಹೋಗಿ ಏನೂ ಹೊರಡದೆ ಎಂಟು ಕಾರು ಒಂದರ ಮೇಲೊಂದು ಬಿದ್ದವು. ಯಾರೂ ಅವಳನ್ನು ಬೈಯಲಿಲ್ಲ. ಅವಳೇ ರಾತ್ರಿ ಊಟ ಬಿಟ್ಟಳು.

ಹೆದರಿಕೆಗೆ ಕಾರಣವಿತ್ತು. ಅವಳ ತಂದೆ ಲಕ್ಕಯ್ಯ ಬೀಡಿ ಸೇದುತ್ತಿದ್ದವರು; ಅವರಿಗೂ ಹೀಗೇ ಗಂಟಲು ಕಟ್ಟಿತ್ತು, ಒಳಗೆ ಗಂಟು ಸಿಕ್ಕಿತ್ತು, ಆಮೇಲೆ ಅವರು ಬಹಳ ದಿನ ಉಳಿಯಲಿಲ್ಲ. ಕಾಮಾಕ್ಷಮ್ಮ ಆಗಿನಿಂದ ಮಗಳ ಮನೆಯಲ್ಲೇ ಇದ್ದರು. ಮಗಳ ದನಿ ಒಡೆಯುವುದನ್ನು ಅವರೂ ಕೇಳುತ್ತಿದ್ದರು. ತಾಯಿ ಮಗಳು ಇಬ್ಬರೂ ಆ ಮಾತು ಮಾತ್ರ ಎತ್ತುತ್ತಿರಲಿಲ್ಲ.

ಮನು ಬಿಡಲಿಲ್ಲ. ರಜೆ ಹಾಕಿ ಹಾಸನಕ್ಕೆ ಕರೆದುಕೊಂಡು ಹೋದ. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದರು. ಸ್ವರತಂತುವಿನ ಮೇಲೆ ಒಂದು ಗಂಟು. “ತೆಗೆದು ಪರೀಕ್ಷೆಗೆ ಕಳಿಸೋಣ. ಏನೂ ಇಲ್ಲದೆಯೂ ಇರಬಹುದು, ಈಗಲೇ ಏನೂ ಹೇಳುವುದಕ್ಕೆ ಆಗುವುದಿಲ್ಲ” ಎಂದರು. ಮುಂದಿನ ವಾರ ಬಾಯಿಯ ಮೂಲಕವೇ ಆ ಗಂಟು ತೆಗೆದರು. ಮನೆಗೆ ಕಳಿಸುವಾಗ ಒಂದೇ ಎಚ್ಚರಿಕೆ: ನಾವು ಹೇಳುವವರೆಗೆ ಮಾತು ಬೇಡ, ಪಿಸುಮಾತಂತೂ ಬೇಡವೇ ಬೇಡ.

ಆ ಭಾನುವಾರವೇ ಸೀಸನ್ನಿನ ಕೊನೆಯ ರೇಸ್. ರುದ್ರೇಶನಿಗೂ ಪ್ರೇಕ್ಷಾಗೂ ಅಂಕ ಸಮಸಮ. ಇದರಲ್ಲಿ ಯಾರು ಮುಂದೋ ಅವರಿಗೆ ಕಪ್. “ಮುಂದಕ್ಕಾಕು, ಯಾರೂ ಬೇಡ ಅನ್ನಲ್ಲ” ಎಂದ ಮನು. ಆಶಾರಾಣಿ ಬೇಡವೆಂದು ತಲೆಯಾಡಿಸಿದಳು. ವರದಿ ಕೆಟ್ಟದ್ದು ಬಂದರೆ ಮತ್ತೆ ಇನ್ನೊಂದು ರೇಸ್ ನಡೆಸುತ್ತೇನೋ ಇಲ್ಲವೋ ಎಂದು ಅವಳಿಗೆ ಅನ್ನಿಸಿತ್ತು. ಅದನ್ನು ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಲು ಮನಸ್ಸಾಗಲಿಲ್ಲ. ಗುಂಪಿಗೆ ಇಷ್ಟೇ ಬರೆದಳು: “ಗಂಟಲಿಗೆ ಆಪರೇಷನ್ ಆಗಿದೆ. ಮಾತಾಡೋ ಹಾಗಿಲ್ಲ. ರೇಸ್ ಮಾತ್ರ ನಡೀತದೆ.”

ತನ್ನ ಬದಲು ಕೂಗಲು ಮನುವನ್ನು ಕೂರಿಸಿಕೊಳ್ಳುವ ಯೋಚನೆಯಿತ್ತು. ಮಧ್ಯಾಹ್ನದ ಗಾಳಿಗೆ ಹಳ್ಳಿಮೈಸೂರು ಎಂಬ ಊರಿನ ಕಡೆ ಮರ ಬಿದ್ದು ಲೈನ್ ಹರಿದು, ಅವನು ಓಡಬೇಕಾಯಿತು. ಉಳಿದದ್ದು ಕಾಮಾಕ್ಷಮ್ಮ. ಮಗಳು ಮೈಕ್ ಅವರ ಮುಂದೆ ಸರಿಸಿ, ತನ್ನ ಹಳದಿ ದುಪಟ್ಟಾ ಎತ್ತಿ ತೋರಿಸಿ, ಕೂಗುವ ಹಾಗೆ ಕೈ ಮಾಡಿದಳು.

“ಅಯ್, ನಂಗೇನ್ ಗೊತ್ತಾದ್ದೇ ಇದೆಲ್ಲ!” ಎಂದರು ಕಾಮಾಕ್ಷಮ್ಮ. ಆದರೂ ಸೆರಗು ಸಿಕ್ಕಿಸಿಕೊಂಡು ಕುರ್ಚಿ ಎಳೆದುಕೊಂಡರು.

“ಯಾರಮ್ಮ ಅದು?” ಎಂದು ಕೇಳಿದಳು ಪ್ರೇಕ್ಷಾ.

“ನಾನು ಕಣವ್ವ, ಆಶಾ ಅವ್ವ. ಅವ್ಳು ಪಕ್ದಲ್ಲೇ ಅವ್ಳೆ, ಮಾತಾಡಂಗಿಲ್ಲ. ನಾನೇ ಯೋಳ್ತೀನಿ. ಎಲ್ಲಾ ಉಸಾರಾಗಿ ಓಗ್ರಪ್ಪಾ, ಜೋರಾಗ್ ಓಡಿಸ್ಬ್ಯಾಡಿ.”

ಇಪ್ಪತ್ತು ಹೆಡ್‌ಫೋನುಗಳಲ್ಲಿ ನಗು. ರುದ್ರೇಶ, “ಜೋರಾಗ್ ಓಡ್ಸೋದೇ ಆಟ ಅಮ್ಮಾ!” ಎಂದ. ಮಗಳು ಹಸಿರು ಬಟನ್ ಒತ್ತಿದಳು, ರೇಸ್ ಹೊರಟಿತು.

ಮೊದಮೊದಲು ಕಾಮಾಕ್ಷಮ್ಮ ಕಣ್ಣು ಮುಚ್ಚಿ ಮುಚ್ಚಿ ನೋಡಿದರು. ನಾಲ್ಕು ಸುತ್ತು ಆಗುವಷ್ಟರಲ್ಲಿ ಮೇಜಿಗೆ ಒರಗಿ ಕೂತಿದ್ದರು. ಯಾರ ಹೆಸರೂ ಗೊತ್ತಿಲ್ಲ, ಬಣ್ಣದ ಮೇಲೆ ಗುರುತು. “ನೀಲಿ ಕಾರು ಅದೇನ್ ಅಂಗ್ ಅಂಟ್ಕಂಡ್ ಬತ್ತಾ ಅದೆ, ಒಸಿ ಜಾಗ ಬುಡ್ಲಾ!” ನೀಲಿ ಕಾರು ಪ್ರೇಕ್ಷಾದು. ಮುಂದಿದ್ದದ್ದು ರುದ್ರೇಶನ ಬಿಳಿ ಕಾರು.

ಇನ್ನೇನು ಕೆಲವೇ ಸುತ್ತು ಬಾಕಿ ಇರುವಾಗ ಮೂರನೇ ತಿರುವಿನಲ್ಲಿ ದೇವರಾಜುವಿನ ಕೆಂಪು ಕಾರು ಹಿಂಭಾಗ ಜಾರಿ, ಗಿರಗಿರನೆ ತಿರುಗಿ ಟ್ರ್ಯಾಕಿಗೆ ಅಡ್ಡ ನಿಂತಿತು. ಆಶಾರಾಣಿ ದುಪಟ್ಟಾ ಎತ್ತುವ ಮೊದಲೇ ಕಾಮಾಕ್ಷಮ್ಮ ಎದ್ದು ನಿಂತು ಕಿರುಚಿದರು:

“ಅಯ್ಯಯ್ಯೋ, ಕೆಂಪು ಕಾರು ಬಿತ್ತು ಕಣ್ರೋ! ಎಲ್ಲಾ ನಿಲ್ಲಿ! ನಿಂತ್ಕಳಿ!”

ಹಳದಿ ಎಂದರೆ ನಿಧಾನ ಮಾಡಬೇಕು ಅಷ್ಟೇ, ನಿಲ್ಲುವಂತಿಲ್ಲ. ಆದರೆ ಆ ದನಿಗೆ ಹೆದರಿ ಮುಕ್ಕಾಲು ಪಾಲು ಜನ ನಿಜಕ್ಕೂ ಬ್ರೇಕ್ ಒತ್ತಿ ನಿಂತೇಬಿಟ್ಟರು. ಹೈವೇಯಲ್ಲಿ ದನದ ಹಿಂಡು ಅಡ್ಡ ಬಂದಾಗ ನಿಲ್ಲುವ ಹಾಗೆ ಕಾರುಗಳ ಸಾಲು. ಕಾಮಾಕ್ಷಮ್ಮ ಮೈಕಿಗೆ ಬಾಯಿಟ್ಟು, “ಕೆಂಪು ಕಾರ್ನೋರೆ, ಏನೂ ಆಗ್ಲಿಲ್ವಾ?” ಎಂದು ಕೇಳಿದರು.

“ಏನೂ ಆಗಿಲ್ಲ ಕಣವ್ವ, ಮನೇಲ್ ಕುಂತಿವ್ನಿ” ಎಂದ ದೇವರಾಜು.

ಆಶಾರಾಣಿ ನಗು ತಡೆಯಲಾರದೆ ದುಪಟ್ಟಾ ಬಾಯಿಗೆ ತುರುಕಿಕೊಂಡಳು. ಸದ್ದು ಮಾಡುವ ಹಾಗಿಲ್ಲ. ಕಣ್ಣಿನಿಂದ ನೀರು ಸುರಿಯಿತು. ತಾಯಿ ತಿರುಗಿ ನೋಡಿ, ನಗುವೋ ಅಳುವೋ ತಿಳಿಯದೆ ಅವಳ ತಲೆಯ ಮೇಲೆ ಕೈ ಇಟ್ಟರು. ಮತ್ತೆ ಹಸಿರು ಬಿಟ್ಟಾಗ ಪ್ರೇಕ್ಷಾ ಮುಂದಿದ್ದಳು, ಹಾಗೆಯೇ ಗೆದ್ದಳು. ರುದ್ರೇಶ ಅಲ್ಲೇ ತಕರಾರು ಹಾಕಿದ: ನಾನು ಅಮ್ಮನ ಮಾತು ಕೇಳಿ ನಿಂತೆ, ಪ್ರೇಕ್ಷಾ ನಿಲ್ಲದೆ ಮುಂದೆ ಹೋದಳು. ಆಶಾರಾಣಿ ರೆಕಾರ್ಡಿಂಗ್ ನೋಡಿದಳು. ಪ್ರೇಕ್ಷಾ ನಿಯಮದಂತೆ ನಿಧಾನ ಮಾಡಿದ್ದಳು; ನಿಂತ ಕಾರನ್ನು ದಾಟುವುದು ತಪ್ಪಲ್ಲ. ತೀರ್ಪನ್ನು ಟೈಪ್ ಮಾಡಿ ಹಾಕಿದಳು: ಗೆಲುವು ಪ್ರೇಕ್ಷಾದೇ.

ವರದಿ ಬಂದದ್ದು ಆ ವಾರದ ನಡುವೆ. ತರಲು ಮನು ಹಾಸನಕ್ಕೆ ಹೋಗಿದ್ದ. ಆಶಾರಾಣಿ ಅಂಗಡಿಯಲ್ಲಿ ಒಬ್ಬರು ರೈತರಿಗೆ ಪಹಣಿ ತೆಗೆಯುತ್ತಿದ್ದಳು. ಫೋನ್ ಬಂತು. ಎತ್ತಿದಳು, ಆದರೆ ಹಲೋ ಎನ್ನುವಂತಿಲ್ಲ.

“ಆಶಾ, ಕೇಳಿಸ್ತಾ ಅದಾ? ಕೇಳಿಸಿದ್ರೆ ಫೋನ್ ಮೇಲೆ ತಟ್ಟು.”

ತಟ್ಟಿದಳು.

“ಏನೂ ಇಲ್ಲ ಅಂತೆ ಕಣೇ. ಬರೀ ಗಂಟಂತೆ. ಕೆಟ್ಟುದ್ದೇನೂ ಇಲ್ಲ. ಡಾಕ್ಟ್ರ ಅತ್ರ ಎಲ್ಡೆಲ್ಡ್ ಸಲ ಕೇಳ್ದೆ. ಏನೂ ಇಲ್ಲ. ಕೇಳಿಸ್ತಾ?”

ಅವಳು ಫೋನಿನ ಮೇಲೆ ಬೆರಳಿನಿಂದ ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು. ಎದುರಿಗೆ ನಿಂತಿದ್ದ ರೈತರು, “ಯಾಕವ್ವ, ಫೋನ್ ಕೆಟ್ಟೋಯ್ತಾ?” ಎಂದರು. ಅವಳು ಇಲ್ಲವೆಂದು ತಲೆಯಾಡಿಸಿ, ಪಹಣಿ ಅವರ ಕೈಗಿಟ್ಟು, ಕಾಸು ಬೇಡವೆಂದು ಕೈ ಮುಗಿದು, ಬಾಗಿಲು ಎಳೆದುಕೊಂಡು ಮನೆಗೆ ನಡೆದಳು. ಕಾಮಾಕ್ಷಮ್ಮ ಹಿತ್ತಲಲ್ಲಿ ಹುರುಳಿ ಕೇರುತ್ತಿದ್ದರು. ಮಗಳ ಮುಖ ನೋಡಿದ್ದೇ ಅವರಿಗೆ ತಿಳಿಯಿತು. ಮೊರ ಕೆಳಗಿಟ್ಟು, “ಅಬ್ಬಾ” ಎಂದು ಅಲ್ಲೇ ಕಟ್ಟೆಯ ಮೇಲೆ ಕುಳಿತರು. ಆ ಮಧ್ಯಾಹ್ನ ಇಬ್ಬರೂ ಚಾಪೆ ಹಾಸಿಕೊಂಡು ಸಂಜೆಯವರೆಗೆ ಕಣ್ತುಂಬ ನಿದ್ದೆ ಮಾಡಿದರು. ಮನು ಬಂದು ಕದ ಬಡಿದದ್ದೂ ಕೇಳಿಸಲಿಲ್ಲ.

ಮಾತನಾಡಬಹುದು ಎಂದು ಡಾಕ್ಟರು ಹೇಳಿದ ದಿನ ಅವಳು ಮೊದಲು ಹೆದರಿಕೊಂಡೇ “ಮನು” ಎಂದಳು. ದನಿ ತುಸು ತೆಳುವಾಗಿತ್ತು, ಒರಟು ಕಡಿಮೆಯಾಗಿತ್ತು, ಆದರೆ ಅವಳದೇ. ಕೂಗಬಾರದು, ನೀರು ಚೆನ್ನಾಗಿ ಕುಡಿಯಬೇಕು ಎಂದರು ಡಾಕ್ಟರು. ರೇಸ್ ದಿನ ಕೂಗುವ ಕೆಲಸವನ್ನು ತಾಯಿಗೇ ಬಿಡುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಕಾಮಾಕ್ಷಮ್ಮ ಒಂದು ಸಲವೂ ಬೇಡ ಎನ್ನಲಿಲ್ಲ.

ಕಪ್ ಕೊಡುವುದಕ್ಕೆ ಎಲ್ಲರೂ ಹಿರೀಸಾವೆಯ ದೇವರಾಜುವಿನ ಹೋಟೆಲಿನಲ್ಲಿ ಸೇರಿದರು. ಇಷ್ಟು ವರ್ಷ ದನಿಯಿಂದಷ್ಟೇ ಬಲ್ಲವರು ಅವತ್ತು ಮುಖ ನೋಡಿದರು. ಜಗಳಗಂಟ ರುದ್ರೇಶ ಕುಳ್ಳಗೆ, ಸಣಕಲು; ವಿಭೂತಿ ಹಚ್ಚಿಕೊಂಡು ಬಂದಿದ್ದ. ಪ್ರೇಕ್ಷಾ ತನ್ನ ತಂದೆಯನ್ನೂ ಕರೆದುಕೊಂಡು ಬಂದಿದ್ದಳು. ಕಾಮಾಕ್ಷಮ್ಮನ ಕಾಲಿಗೆ ಒಬ್ಬೊಬ್ಬರಾಗಿ ಬಗ್ಗಿದ್ದೇ ಬಗ್ಗಿದ್ದು. ಕಪ್ ಕೊಟ್ಟಾಯಿತು, ಫೋಟೊ ಆಯಿತು. ದೇವರಾಜು ತಟ್ಟೆ ಇಡ್ಲಿ ತಂದಿಡುತ್ತಿದ್ದಂತೆ ರುದ್ರೇಶ ಮತ್ತೆ ಶುರು ಮಾಡಿದ.

“ಅಲ್ಲ ಅಕ್ಕ, ಅಮ್ಮ ನಿಲ್ಲಿ ಅಂದ್ರು, ನಾನ್ ನಿಂತೆ. ದೊಡ್ಡೋರ್ ಮಾತ್ ಕೇಳಿದ್ದು ತಪ್ಪಾ?”

“ನೋಡೇ ಆಶಾ, ಆ ಹುಡ್ಗ ಯೋಳದ್ರಲ್ಲೂ ನ್ಯಾಯ ಅದೆ” ಎಂದರು ಕಾಮಾಕ್ಷಮ್ಮ.

ಮೇಜಿನ ಸುತ್ತ ಗದ್ದಲವೆದ್ದಿತು. ಆಶಾರಾಣಿ ನೀರು ಕುಡಿದು ಲೋಟ ಕೆಳಗಿಟ್ಟಳು.

“ತೀರ್ಪು ಆಗೋಗದೆ ರುದ್ರೇಶ. ಇಡ್ಲಿ ಆರೋಯ್ತದೆ, ತಿನ್ನು” ಎಂದಳು.

ರುದ್ರೇಶ ಚಟ್ನಿ ಬಟ್ಟಲು ಎಳೆದುಕೊಂಡ.