ಏಕಾದಶಿಯ ದಿನ ಪೆಂಗ್ವಿನ್ ದ್ವೀಪಕ್ಕೆ

ಏಪ್ರಿಲ್ ರಜೆಯಲ್ಲಿ ನೈರೋಬಿಯ ಕಿಲೆಲೆಶ್ವಾ ಬಡಾವಣೆಯ ನಮ್ಮ ಫ್ಲ್ಯಾಟಿನಿಂದ ಮೂವರು ಹೊರಟೆವು: ಔಷಧಿ ಕಾರ್ಖಾನೆಯಲ್ಲಿ ಮ್ಯಾನೇಜರ್ ಆಗಿರುವ ಮಗ ಶ್ರೀಧರ, ಅವನ ಹನ್ನೆರಡು ವರ್ಷದ ಮಗಳು ಅನಘಾ, ನಾನು. ಸೊಸೆಗೆ ರಜೆ ಸಿಗಲಿಲ್ಲ. ಪೆಂಗ್ವಿನ್ ನೋಡಲೇಬೇಕೆಂದು ಹಠ ಹಿಡಿದವಳು ಅನಘಾ. ಮೃಗಾಲಯದ್ದಲ್ಲ, ತಾನಾಗಿ ಬದುಕುವ ಪೆಂಗ್ವಿನ್. ವಾಪಸ್ಸು ಬಂದ ಮೇಲೆ ತಾನೇ ತೆಗೆದ ಫೋಟೊ ತೋರಿಸಿ ತರಗತಿಯೆದುರು ಮಾತಾಡುತ್ತೇನೆಂದು ಶಾಲೆಯಲ್ಲಿ ಹೆಸರು ಕೊಟ್ಟಿದ್ದಳು.

ನೈರೋಬಿಯಿಂದ ಕೇಪ್‌ಟೌನಿಗೆ ಆರು ಗಂಟೆ. ಅಲ್ಲಿ ಒಂದು ರಾತ್ರಿ ತಂಗಿ, ಮರುದಿನ ಸಣ್ಣ ವಿಮಾನದಲ್ಲಿ ನಮೀಬಿಯಾದ ಲ್ಯೂಡರಿಟ್ಸ್ ಎಂಬ ಊರಿಗೆ ಹೋದೆವು. ಒಂದು ಕಡೆ ಮರಳುಗಾಡು, ಇನ್ನೊಂದು ಕಡೆ ಕಡಲು, ನಡುವೆ ನಿಲ್ಲಗೊಡದ ಗಾಳಿ. ಸೀರೆಯ ಮೇಲೆ ಸ್ವೆಟರ್, ಅದರ ಮೇಲೆ ಶಾಲು ಹೊದ್ದರೂ ನಡುಕ ಹೋಗಲಿಲ್ಲ. ಹೋಟೆಲಿನಲ್ಲಿ ನಮಗೆ ಸಿಕ್ಕಿದ್ದು ಬ್ರೆಡ್ಡು, ಬೇಯಿಸಿದ ಆಲೂಗಡ್ಡೆ. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ, ಚಟ್ನಿಪುಡಿಯಲ್ಲೇ ಊಟವಾಯಿತು.

ದೋಣಿ ಮರುದಿನ ಬೆಳಿಗ್ಗೆ ಎಂಟಕ್ಕೆ. ಟಿಕೆಟ್ ಕೊಂಡ ಮೇಲೆ ಪಂಚಾಂಗ ತೆಗೆದು ನೋಡಿದರೆ ಅಂದು ಏಕಾದಶಿ. ಮದುವೆಯಾದಾಗಿನಿಂದ ಏಕಾದಶಿ ದಿನ ನಾನು ನೀರೂ ಮುಟ್ಟಿದವಳಲ್ಲ. ರೂಮಿನಲ್ಲೇ ಇರು ಎಂದ ಮಗ. ಗೊತ್ತಿಲ್ಲದ ಊರಿನಲ್ಲಿ ಒಬ್ಬಳೇ ಇರಲಾರೆ ಎಂದೆ. ನಿಜ ಹೇಳಬೇಕೆಂದರೆ ನನಗೂ ಆ ಹಕ್ಕಿ ನೋಡುವ ಆಸೆಯಿತ್ತು.

ದೋಣಿ ಹತ್ತುವ ಮೊದಲು ಎಲ್ಲರಿಗೂ ವಾಂತಿಯಾಗದಿರಲೆಂದು ಮಾತ್ರೆ ಕೊಟ್ಟರು. ನಾನು ತೆಗೆದುಕೊಳ್ಳಲಿಲ್ಲ.

"ಔಷಧಿಗೆ ದೋಷ ಇಲ್ಲಮ್ಮ. ದೇವರು ಕಡಲಿನ ಮೇಲೂ ಹಾಜರಿ ತಗೋತಾನಾ?" ಎಂದ ಶ್ರೀಧರ.

"ನಿನ್ನ ಫ್ಯಾಕ್ಟರಿ ಮಾತ್ರೆ ನೀನೇ ನುಂಗು" ಎಂದೆ.

"ಅಜ್ಜಿ, ಜಸ್ಟ್ ಟೇಕ್ ಇಟ್, ಪ್ಲೀಸ್" ಎಂದಳು ಅನಘಾ. ನಾನು ಮುಖ ತಿರುಗಿಸಿದೆ.

ದೋಣಿಯಲ್ಲಿ ನಮ್ಮ ಜತೆ ಇನ್ನೂ ಎಂಟು ಮಂದಿ ಇದ್ದರು. ದೀಪಸ್ತಂಭದ ಮೂಲೆ ತಿರುಗುವವರೆಗೆ ಎಲ್ಲ ಚೆನ್ನಾಗಿತ್ತು. ತಿರುಗಿದ ಮೇಲೆ ಅಲೆಗಳು ದೋಣಿಯನ್ನು ಮೊರದಂತೆ ಎತ್ತಿ ಕೇರತೊಡಗಿದವು. ಬರಿಹೊಟ್ಟೆಯಿಂದ ಏನು ಬಂದೀತು, ಹಳದಿ ನೀರು ಬಂತು. ಆಮೇಲೆ ಕಣ್ಣು ಕತ್ತಲಿಟ್ಟಿತು. ದೂರದಲ್ಲಿ ಒಂದು ಬೋಳು ದ್ವೀಪ, ಅದರ ಮೇಲೆ ಪಾಳುಬಿದ್ದ ಎರಡು ಮನೆ, ದಡದಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ. ನಾನು ಕಂಡದ್ದು ಅಷ್ಟೇ. ದೋಣಿಯವನು ನನ್ನ ನಾಡಿ ಹಿಡಿದು ನೋಡಿ, ವಯಸ್ಸಾದವರು, ಮುಂದೆ ಹೋಗುವುದಿಲ್ಲ ಎಂದು ದೋಣಿ ತಿರುಗಿಸಿದ. ಯಾರೂ ಗೊಣಗಲಿಲ್ಲ. ಅನಘಾ ಕ್ಯಾಮೆರಾ ಚೀಲದೊಳಗಿಟ್ಟು ನನ್ನ ತಲೆ ಹಿಡಿದುಕೊಂಡಳು. ಸಕ್ಕರೆ ನೀರು ಬಾಯಿಗೆ ಹಾಕಿದರು, ಕುಡಿದೆ. ಉಪವಾಸವೂ ಕೆಟ್ಟಿತು, ಅವಳ ಪೆಂಗ್ವಿನ್ನೂ ಹೋಯಿತು.

ಮರುದಿನ ಮಂಜು ಕವಿದು ದೋಣಿ ಹೊರಡಲಿಲ್ಲ. ಅದರ ಮರುದಿನ ನಮ್ಮ ವಿಮಾನ. ಶ್ರೀಧರ ನನ್ನೊಡನೆ ಊಟ, ಔಷಧಿ ಬಿಟ್ಟು ಬೇರೆ ಮಾತಾಡಲಿಲ್ಲ. ಅನಘಾ ಮಾತ್ರ ಹಾಸಿಗೆಯ ಪಕ್ಕ ಕೂತು ಪುಸ್ತಕದ ಚಿತ್ರ ತೋರಿಸಿದಳು. ಹಳೆ ಪುಕ್ಕ ಉದುರುವಾಗ ಪೆಂಗ್ವಿನ್ ಮೂರು ವಾರ ಏನೂ ತಿನ್ನದೆ ದಡದಲ್ಲೇ ನಿಂತಿರುತ್ತದಂತೆ. ಆ ದಿನಗಳಲ್ಲಿ ಕಡಲಿಗೆ ಇಳಿಯುವುದಿಲ್ಲವಂತೆ. ಹಕ್ಕಿಗಿರುವಷ್ಟು ಬುದ್ಧಿಯೂ ನನಗೆ ಇರಲಿಲ್ಲ. ಅದನ್ನು ಬಾಯಿಬಿಟ್ಟು ಹೇಳಿದೆ. ಅವಳು ಪುಟ ತಿರುಗಿಸಿದಳು.

ನೈರೋಬಿಗೆ ಬಂದ ಮೇಲೆ ಶಾಲೆ ಶುರುವಾಯಿತು. ಅವಳ ಸರದಿ ಬಂದ ದಿನ ಸಂಜೆ, ತರಗತಿಯಲ್ಲಿ ಏನು ಹೇಳಿದೆ ಎಂದು ಕೇಳಿದೆ. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಹುಡುಗಿ ಶೂ ಬಿಚ್ಚುತ್ತಾ ಕನ್ನಡದಲ್ಲಿ ಹೇಳಿದಳು:

"ಫಾಗ್ ಇತ್ತು, ಬೋಟ್ ಹೋಗ್ಲಿಲ್ಲ ಅಂದೆ ಅಜ್ಜಿ."

ಸುಳ್ಳು ಹೇಳಬಾರದೆಂದು ಅವಳಿಗೆ ಕಲಿಸಿದವಳು ನಾನೇ. ಆ ಸಂಜೆ ಬೈಯಲು ಬಾಯಿ ಬರಲಿಲ್ಲ.